ಧಾರವಾಡದ ದನಿಗೆ ತಕ್ಕ ಧ್ವನಿವರ್ಧಕ

ಧಾರವಾಡದಲ್ಲಿ ಆಕಾಶವಾಣಿ ನಿಲಯ ಆರಂಭವಾದದ್ದು 1950ರ ಜನವರಿ 8ರಂದು. ಅದುವರೆಗೆ ಹುಬ್ಬಳ್ಳಿ-ಧಾರವಾಡದ ಖ್ಯಾಲ್ ಗಾಯನ ಹೆಚ್ಚಾಗಿ ಬೈಠಕ್ಕುಗಳಲ್ಲಿ ಇಲ್ಲವೇ ಗ್ರಾಮಾಫೋನ್ ತಟ್ಟೆಗಳಲ್ಲಿ ಕೇಳಸಿಗುತ್ತಿತ್ತು. ಬಾನುಲಿ ಬಂದ ಮೇಲೆ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಮುಂತಾದವರ ದನಿ ಮನೆಮನೆಗೆ ತಲುಪಿತು. ಆ ಗಾಯಕರು ಈಗಿಲ್ಲ; ಉಳಿದಿರುವುದು ಧ್ವನಿಮುದ್ರಣಗಳು. ಅವುಗಳಿಂದ ನಾವು ಕೇಳುವುದು ಗಾಯಕರ ದನಿಯನ್ನೋ, ಯಂತ್ರದ ದನಿಯನ್ನೋ ಎಂಬುದು ಬಹುಮಟ್ಟಿಗೆ ಧ್ವನಿವರ್ಧಕವನ್ನು ಅವಲಂಬಿಸಿದೆ.

ಗಂಗೂಬಾಯಿಯವರ ಉದಾಹರಣೆಯನ್ನೇ ನೋಡಬಹುದು. 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದ ಅವರ ಎಚ್.ಎಂ.ವಿ. ತಟ್ಟೆಗಳಲ್ಲಿರುವುದು ಎಳೆಯ, ಎತ್ತರದ ಕಂಠ. ಮುಂದೆ ಗಂಟಲಿನ ಚಿಕಿತ್ಸೆಯ ಬಳಿಕ ಅದು ಗಂಡುದನಿ ಎನ್ನುವಷ್ಟು ಗಂಭೀರವಾಯಿತು. ತಗ್ಗು ಸ್ವರವನ್ನು ಉಬ್ಬಿಸುವ ಧ್ವನಿವರ್ಧಕದಲ್ಲಿ ಆ ಗಾಂಭೀರ್ಯ ಬರೀ ಗದ್ದಲವಾಗುತ್ತದೆ. ತಗ್ಗನ್ನು ನುಂಗುವ ಧ್ವನಿವರ್ಧಕದಲ್ಲಿ ದನಿಯೇ ಬಡವಾಗುತ್ತದೆ.

ತಗ್ಗು ಮತ್ತು ಎತ್ತರದ ಸ್ವರಗಳೆರಡನ್ನೂ ಒಂದೇ ಪರದೆ ಸಮರ್ಥವಾಗಿ ನುಡಿಸಲಾರದು. ಆದ್ದರಿಂದ ಕೆಲಸವನ್ನು ಎರಡು ಘಟಕಗಳಿಗೆ ಹಂಚುತ್ತಾರೆ. ಹಂಚುವ ವಿದ್ಯುನ್ಮಂಡಲಕ್ಕೆ ಕ್ರಾಸ್‌ಓವರ್ ಎಂದು ಹೆಸರು. ಅದರಲ್ಲಿನ ತಂತಿಸುರುಳಿ ಎತ್ತರದ ಕಂಪನಗಳನ್ನು ತಡೆಯುತ್ತದೆ, ಕೆಪಾಸಿಟರ್ ತಗ್ಗಿನವನ್ನು ತಡೆಯುತ್ತದೆ. ಎರಡು ಘಟಕಗಳನ್ನು ಒಂದರ ಮೇಲೊಂದು ಕೂರಿಸಿದರೆ ಹೊಸ ತೊಡಕು ಹುಟ್ಟುತ್ತದೆ. 1000 ಹರ್ಟ್ಸ್ ಕಂಪನದ ಅಲೆಯುದ್ದ ಸುಮಾರು 34 ಸೆಂಟಿಮೀಟರ್. ಘಟಕಗಳ ನಡುವಿನ ಅಂತರವೂ ಅಷ್ಟೇ ಇದ್ದರೆ, ಕುರ್ಚಿಯಲ್ಲಿ ಕುಳಿತವರಿಗೆ ಒಂದು ಬಗೆ, ಜಮಖಾನೆಯ ಮೇಲೆ ಕುಳಿತವರಿಗೆ ಇನ್ನೊಂದು ಬಗೆ ಕೇಳಿಸುತ್ತದೆ.

ಇದಕ್ಕೆ ಸಿಕ್ಕ ಪರಿಹಾರವೇ ಏಕಾಕ್ಷ, ಅಂದರೆ ಕೋಆಕ್ಸಿಯಲ್ ಧ್ವನಿವರ್ಧಕ. ದೊಡ್ಡ ಪರದೆಯ ನಟ್ಟನಡುವೆಯೇ ಎತ್ತರದ ಘಟಕ ಕೂರುತ್ತದೆ. 1940ರ ದಶಕದ ಮೊದಲರ್ಧದಲ್ಲಿ ಅಮೆರಿಕದ ಆಲ್ಟೆಕ್ ಲ್ಯಾನ್ಸಿಂಗ್ ಸಂಸ್ಥೆ 15 ಅಂಗುಲದ 604 ಮಾದರಿಯನ್ನು ತಂದಿತು. ಧಾರವಾಡದ ಬಾನುಲಿ ನಿಲಯಕ್ಕಿಂತ ಮೂರು ವರ್ಷ ಮೊದಲು, 1947ರಲ್ಲಿ, ಇಂಗ್ಲೆಂಡಿನ ಟ್ಯಾನಾಯ್ ಸಂಸ್ಥೆ ‘ಡ್ಯುಯಲ್ ಕಾನ್ಸೆಂಟ್ರಿಕ್’ ಎಂಬುದನ್ನು ಪ್ರದರ್ಶಿಸಿತು. ಇಂಥವು ಮುಂದೆ ಧ್ವನಿಮುದ್ರಣ ಶಾಲೆಗಳ ಅಚ್ಚುಮೆಚ್ಚಿನ ಸಾಧನಗಳಾದವು.

ಆದರೂ ಎಲ್ಲ ತೊಡಕೂ ತೀರಲಿಲ್ಲ. ಹಳೆಯ ಟ್ಯಾನಾಯ್‌ನಲ್ಲಿ ಸ್ವರಗಳು ಹಂಚಿಹೋಗುವುದು ಸುಮಾರು 1000 ಹರ್ಟ್ಸ್ ಬಳಿ. ಆಲ್ಟೆಕ್‌ನ 604-ಇ ಮಾದರಿಯಲ್ಲಿ 1500ರ ಬಳಿ. ಖ್ಯಾಲ್ ಗಾಯನದ ಜೀವಾಳವಾದ ಆಕಾರವನ್ನು ತೆಗೆದುಕೊಳ್ಳಿ. ‘ಆ’ ಎಂಬ ಸ್ವರಕ್ಕೆ ಅದರ ಗುಣ ಕೊಡುವ ಎರಡು ಮುಖ್ಯ ಅನುರಣನಗಳಲ್ಲಿ ಒಂದು ಸುಮಾರು 700-800 ಹರ್ಟ್ಸ್‌ನಲ್ಲಿ, ಇನ್ನೊಂದು 1100-1300ರ ಆಸುಪಾಸಿನಲ್ಲಿ ಬರುತ್ತದೆ. ಎಂದರೆ ಟ್ಯಾನಾಯ್‌ನಲ್ಲಿ ಆಕಾರದ ಒಂದು ಕಾಲು ಹೊಳೆಯ ಈಚೆ, ಇನ್ನೊಂದು ಆಚೆ. ಕ್ರಾಸ್‌ಓವರ್ ಹದ ತಪ್ಪಿದರೆ ಮನ್ಸೂರರ ಒಂದೇ ತಾನು ಎರಡು ಬಾಯಿಂದ ಬಂದಂತಾಗುತ್ತದೆ.

ತಂಬೂರಿ ಇನ್ನೂ ಕಠಿಣ ಪರೀಕ್ಷಕ. ಅದರ ಚಪ್ಪಟೆ ಕುದುರೆ ಮತ್ತು ಜೀವಾರಿಯ ದಾರದಿಂದ ಒಂದೊಂದು ತಂತಿಯೂ ಉಪಸ್ವರಗಳ ಮಳೆಗರೆಯುತ್ತದೆ. ಸಿ.ವಿ. ರಾಮನ್ 1921ರಷ್ಟು ಹಿಂದೆಯೇ ಈ ವೈಚಿತ್ರ್ಯವನ್ನು ಕುರಿತು ಬರೆದಿದ್ದರು. ತಂತಿಯ ಮೂಲಸ್ವರ ದೊಡ್ಡ ಪರದೆಯಿಂದಲೂ ಮೇಲಿನ ಉಪಸ್ವರಗಳು ಚಿಕ್ಕ ಘಟಕದಿಂದಲೂ ಬರಬೇಕು. ಎರಡೂ ಬೆರೆತು ಒಂದೇ ಝೇಂಕಾರವಾಗಬೇಕು.

ಹಳೆಯ ಏಕಾಕ್ಷ ಧ್ವನಿವರ್ಧಕ ಕೈಗೆ ಬಂದವರು ಮೊದಲು ಅದರ ಮೂಲ ಕ್ರಾಸ್‌ಓವರನ್ನು ಉಳಿಸಿಕೊಳ್ಳುವುದು ಜಾಣತನ. ದಶಕಗಳು ಕಳೆದಾಗ ಕೆಪಾಸಿಟರುಗಳ ಮೌಲ್ಯ ಬದಲಾಗಿರುತ್ತದೆ. ಅವನ್ನು ಅಳೆದು, ಕೆಟ್ಟವನ್ನಷ್ಟೇ ಅದೇ ಮೌಲ್ಯದವುಗಳಿಂದ ಬದಲಿಸಿದರೆ ಸಾಕು. ದುಬಾರಿಯಾದುದೆಲ್ಲ ಒಳ್ಳೆಯದೆಂದು ಮಂಡಲವನ್ನೇ ಬದಲಾಯಿಸಿದರೆ ಘಟಕಗಳ ಹೊಂದಾಣಿಕೆ ಮುರಿಯುತ್ತದೆ. ಎತ್ತರದ ಘಟಕ ಹಿಂದೆ ಹುದುಗಿರುವುದರಿಂದ ಅದರ ಸ್ವರ ಕೂದಲೆಳೆಯಷ್ಟು ತಡವಾಗಿ ಹೊರಡುತ್ತದೆ. ಇದನ್ನು ಸರಿಪಡಿಸಬೇಕೆನ್ನುವವರಿಗೆ ಇಂದು ಡಿಜಿಟಲ್ ಕ್ರಾಸ್‌ಓವರ್ ಇದೆ. ಆದರೆ ಅದಕ್ಕೆ ಘಟಕಕ್ಕೊಂದರಂತೆ ಎರಡು ಆಂಪ್ಲಿಫೈಯರ್ ಬೇಕು, ಅಳತೆಯ ಮೈಕೂ ಬೇಕು.

ಆಂಪ್ಲಿಫೈಯರಿನ ವಿಷಯದಲ್ಲಿ ಬಲಕ್ಕಿಂತ ಹೊಂದಿಕೆ ಮುಖ್ಯ. ಈ ಧ್ವನಿವರ್ಧಕಗಳು ಅಲ್ಪ ವಿದ್ಯುತ್ತಿಗೇ ಗಟ್ಟಿಯಾಗಿ ನುಡಿಯುತ್ತವೆ. 1953ರ ಕ್ವಾಡ್-2 ಎಂಬ ವಾಲ್ವ್ ಆಂಪ್ಲಿಫೈಯರಿನ ಶಕ್ತಿ 15 ವ್ಯಾಟ್; ಮನೆಯ ಕೋಣೆಗೆ ಅದು ಧಾರಾಳ. ಹಳೆಯ ಘಟಕಗಳ ವಿದ್ಯುತ್‌ಪ್ರತಿರೋಧ ಸಾಮಾನ್ಯವಾಗಿ 15 ಅಥವಾ 16 ಓಮ್. ವಾಲ್ವ್ ಯಂತ್ರಗಳ ಟ್ರಾನ್ಸ್‌ಫಾರ್ಮರಿನಲ್ಲಿ ಅದಕ್ಕೆಂದೇ ಜೋಡಣೆ ಇರುತ್ತದೆ. ಟ್ರಾನ್ಸಿಸ್ಟರ್ ಯಂತ್ರವನ್ನು ಬಳಸಿದರೆ 8 ಓಮ್‌ಗೆ ಸಿಗುವ ಶಕ್ತಿಯ ಅರ್ಧದಷ್ಟೇ ದೊರೆಯುತ್ತದೆ. ಆದರೂ ಅಪಾಯವಿಲ್ಲ, ಸಾಲದೆಂಬ ಕೊರತೆಯೂ ಬಾರದು.

ಎಲ್ಲ ಜೋಡಣೆ ಮುಗಿದ ಮೇಲೆ ಪರೀಕ್ಷೆ ಹೇಗೆ? ಹಾಡುವವರು ಮೊದಲು ತಂಬೂರಿಯನ್ನು ಶ್ರುತಿ ಮಾಡಿಕೊಳ್ಳುತ್ತಾರೆ. ಕೇಳುವವರೂ ಹಾಗೆಯೇ ಮಾಡಬಹುದು. ಗಾಯನಕ್ಕೆ ಮುನ್ನ ಮುದ್ರಣದಲ್ಲಿ ಕೇಳುವ ಬರೀ ತಂಬೂರಿಗೆ ಕಿವಿಗೊಡಬೇಕು. ಅದು ಒಂದೇ ವಾದ್ಯವಾಗಿ, ಒಂದೇ ಜಾಗದಿಂದ ಕೇಳಿಸಿದರೆ, ಮುಂದೆ ಬರುವ ಗಂಗೂಬಾಯಿಯವರ ಷಡ್ಜವನ್ನು ನಂಬಬಹುದು.