ಒಂದೇ ಸೀರೆ, ಎರಡು ನ್ಯಾಯ: ಹೆಣ್ಣು ವೇಷದ ನೂರೈವತ್ತು ವರ್ಷದ ಕಥೆ

ಬಸ್ಸಲ್ಲಿದ್ದೀರೋ, ಮೆಟ್ರೋದಲ್ಲಿ ನೇತಾಡ್ತಿದ್ದೀರೋ, ಮನೇಲಿ ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಎಲ್ಲಿದ್ರೂ ಒಂದು ವಿಡಿಯೋ ನೆನಪು ಮಾಡ್ಕೊಳ್ಳಿ. 2021ರ ನವೆಂಬರ್ ತಿಂಗಳು, ದೆಹಲಿಯ ರಾಷ್ಟ್ರಪತಿ ಭವನ. ಪದ್ಮಶ್ರೀ ತಗೊಳ್ಳೋಕೆ ಮಂಜಮ್ಮ ಜೋಗತಿ ನಡೆದು ಬರ್ತಾರೆ. ರಾಷ್ಟ್ರಪತಿ ರಾಮನಾಥ ಕೋವಿಂದ್ ಎದುರು ನಿಂತು, ಸೀರೆಯ ಸೆರಗು ಹಿಡಿದು ಅವರಿಗೆ ದೃಷ್ಟಿ ತೆಗೀತಾರೆ. ಕೋವಿಂದ್ ನಗ್ತಾರೆ, ಸಭಾಂಗಣ ಚಪ್ಪಾಳೆ ಹೊಡೆಯುತ್ತೆ. ಆ ಕ್ಲಿಪ್ ನಮ್ಮೆಲ್ಲರ ಫೋನಿಗೂ ಬಂದಿತ್ತು.

ಇವತ್ತಿನ ಕಥೆ ಆ ಸೆರಗಿನದು. ಗಂಡು ಅಂತ ಹೆಸರಿಟ್ಟ ದೇಹದ ಮೇಲೆ ಹೆಣ್ಣಿನ ಬಟ್ಟೆ ಬಂದಾಗ ಜಗತ್ತು ಯಾವಾಗ ಚಪ್ಪಾಳೆ ತಟ್ಟಿತು, ಯಾವಾಗ ಬೇಡಿ ಹಾಕಿತು ಅನ್ನೋ ಕಥೆ.

ಮೊದಲು ಪದದ ವಿಚಾರ. ಹೀಗೆ ವೇಷ ಹಾಕಿ ಪ್ರದರ್ಶನ ಕೊಡೋದನ್ನ ಇವತ್ತು ಎಲ್ಲರೂ ಡ್ರ್ಯಾಗ್ ಅಂತಾರೆ. ಇದು ಶೇಕ್ಸ್‌ಪಿಯರ್ ನಾಟಕದ ಪ್ರತಿಗಳಲ್ಲಿ ಬರೀತಿದ್ದ ಟಿಪ್ಪಣಿಯ ಹ್ರಸ್ವರೂಪ ಅಂತ ಒಂದು ಫಾರ್ವರ್ಡ್ ಓಡಾಡುತ್ತೆ. ಅದಕ್ಕೆ ಯಾವ ಆಧಾರವೂ ಇಲ್ಲ. ಶೇಕ್ಸ್‌ಪಿಯರ್ ಕಾಲದಲ್ಲಿ ಹುಡುಗರೇ ಹೆಣ್ಣು ಪಾತ್ರ ಮಾಡ್ತಿದ್ದರು ಅನ್ನೋದು ನಿಜ. ಆದರೆ ಈ ಅರ್ಥದಲ್ಲಿ ಆ ಪದ ಬರವಣಿಗೆಯಲ್ಲಿ ಸಿಗೋದು 1870ರ ಆಸುಪಾಸಿನಲ್ಲಿ, ಇಂಗ್ಲೆಂಡಿನಲ್ಲಿ. ಉದ್ದನೆಯ ಲಂಗ ನೆಲದ ಮೇಲೆ ಎಳೆದಾಡೋದರಿಂದ ಬಂತು ಅನ್ನೋದು ಒಂದು ವಿವರಣೆ.

ಆ 1870 ಯಾಕೆ ಮುಖ್ಯ ಅಂದ್ರೆ, ಅದೇ ವರ್ಷ ಲಂಡನ್ನಿನ ಸ್ಟ್ರ್ಯಾಂಡ್ ಥಿಯೇಟರ್‌ನಿಂದ ಹೊರಗೆ ಬರ್ತಿದ್ದ ಅರ್ನೆಸ್ಟ್ ಬೋಲ್ಟನ್ ಮತ್ತು ಫ್ರೆಡರಿಕ್ ಪಾರ್ಕ್ ಅನ್ನೋ ಇಬ್ಬರು ಯುವಕರನ್ನ ಪೊಲೀಸರು ಹಿಡೀತಾರೆ. ಇಬ್ಬರೂ ಗೌನ್ ತೊಟ್ಟಿದ್ದರು. ಸ್ನೇಹಿತರ ನಡುವೆ ಅವರು ಸ್ಟೆಲ್ಲಾ ಮತ್ತು ಫ್ಯಾನಿ. ವೇದಿಕೆ ಮೇಲೆ ಇಬ್ಬರೂ ಹೆಣ್ಣು ಪಾತ್ರ ಮಾಡಿದ್ದರು, ಆಗ ಯಾರಿಗೂ ತಕರಾರಿರಲಿಲ್ಲ. ಬೀದಿಯಲ್ಲಿ ಅದೇ ಬಟ್ಟೆ ಹಾಕಿದ್ದು ಕೇಸ್ ಆಯ್ತು. 1871ರ ಮೇ ತಿಂಗಳಲ್ಲಿ ವಿಚಾರಣೆ ನಡೀತು, ಜ್ಯೂರಿ ಒಂದು ಗಂಟೆಯೊಳಗೆ ನಿರಪರಾಧಿಗಳು ಅಂತ ತೀರ್ಪು ಕೊಟ್ಟಿತು.

ಸರಿ, ಅಲ್ಲಿ ಬಿಡುಗಡೆ ಆಯ್ತು. ಇಲ್ಲೇನಾಯ್ತು?

ಅದೇ 1871ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಸರ್ಕಾರ ಭಾರತದಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂತು. ಕೆಲವು ಸಮುದಾಯಗಳನ್ನ ಹುಟ್ಟಿನಿಂದಲೇ ಅಪರಾಧಿಗಳು ಅಂತ ಹಣೆಪಟ್ಟಿ ಹಚ್ಚಿದ ಕಾಯ್ದೆ ಅಂತ ಶಾಲೆಯಲ್ಲಿ ಓದಿರ್ತೀರಿ. ಅದರ ಎರಡನೇ ಭಾಗದ ಬಗ್ಗೆ ಪಾಠದಲ್ಲಿ ಅಷ್ಟಾಗಿ ಬರಲ್ಲ. ಹಿಜ್ರಾಗಳನ್ನ ಗುರಿಯಾಗಿಟ್ಟುಕೊಂಡ ಭಾಗ ಅದು. ಮೊದಲು ಉತ್ತರ ಭಾರತದಲ್ಲಿ ಜಾರಿಗೆ ಬಂತು. ಪೊಲೀಸರು ಅವರ ಹೆಸರು, ವಿಳಾಸ ರಿಜಿಸ್ಟರ್‌ನಲ್ಲಿ ಬರ್ಕೋಬೇಕು. ಹಾಗೆ ಹೆಸರು ಸೇರಿದವರು ಬೀದಿಯಲ್ಲಿ ಹೆಣ್ಣಿನ ಬಟ್ಟೆಯಲ್ಲೋ ಒಡವೆಯಲ್ಲೋ ಕಾಣಿಸಿಕೊಂಡರೆ, ಸಾರ್ವಜನಿಕವಾಗಿ ಕುಣಿದರೆ, ಹಾಡು ಬಜಾವಣೆ ಮಾಡಿದರೆ ವಾರಂಟ್ ಇಲ್ಲದೆ ಬಂಧಿಸಬಹುದು. ಎರಡು ವರ್ಷದವರೆಗೆ ಜೈಲು. ಒಂದು ಸೀರೆ, ಒಂದು ಬಳೆ, ಒಂದು ಕುಣಿತ, ಅಷ್ಟಕ್ಕೇ.

ಈಗ 1888ಕ್ಕೆ ಬನ್ನಿ. ಈ ಒಂದೇ ವರ್ಷದಲ್ಲಿ ಎರಡು ಘಟನೆ ಇದೆ.

ಏಪ್ರಿಲ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ನಗರದ ಒಂದು ಮನೆ ಮೇಲೆ ಪೊಲೀಸ್ ದಾಳಿ ಆಗುತ್ತೆ. ಒಳಗೆ ರೇಷ್ಮೆ, ಸ್ಯಾಟಿನ್ ಗೌನ್ ತೊಟ್ಟು ಕುಣೀತಿದ್ದವರು ಕಪ್ಪು ಗಂಡಸರು. ಅವರ ನಾಯಕ ವಿಲಿಯಂ ಡಾರ್ಸಿ ಸ್ವಾನ್. ಗುಲಾಮಗಿರಿಯಲ್ಲೇ ಹುಟ್ಟಿದವರು. ತಮ್ಮ ಬಳಗದಲ್ಲಿ ಅವರಿಗೆ ರಾಣಿ ಅನ್ನೋ ಪಟ್ಟ. ಪೊಲೀಸರು ಬಂದಾಗ ಸ್ವಾನ್ ಓಡಲಿಲ್ಲ, ಎದುರು ನಿಂತರು, ಎಳೆದಾಟದಲ್ಲಿ ಗೌನ್ ಹರಿದುಹೋಯ್ತು. ಬಂಧಿತರ ಹೆಸರು ಪೇಪರಿನಲ್ಲಿ ಬಂತು. 1896ರಲ್ಲಿ ಅವರನ್ನ ಮತ್ತೆ ಹಿಡಿದು, ಅನೈತಿಕ ಮನೆ ನಡೆಸ್ತಾರೆ ಅನ್ನೋ ಆರೋಪದ ಮೇಲೆ 10 ತಿಂಗಳು ಜೈಲು ಹಾಕಿದರು. ಸ್ವಾನ್ ಜೈಲಿನಿಂದಲೇ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಅವರಿಗೆ ಕ್ಷಮಾದಾನದ ಅರ್ಜಿ ಹಾಕಿದರು. ಸರ್ಕಾರಿ ವಕೀಲರು ವಿರೋಧಿಸಿದರು, ಅಧ್ಯಕ್ಷರು ತಿರಸ್ಕರಿಸಿದರು.

ಅದೇ 1888ರ ಜೂನ್‌ನಲ್ಲಿ ಮಹಾರಾಷ್ಟ್ರದಲ್ಲಿ ಒಂದು ಮಗು ಹುಟ್ಟುತ್ತೆ. ನಾರಾಯಣ ಶ್ರೀಪಾದ ರಾಜಹಂಸ. ನಾವು ಬಾಲಗಂಧರ್ವ ಅಂತ ಕರೆಯೋದು ಅವರನ್ನೇ. ಮರಾಠಿ ಸಂಗೀತ ನಾಟಕಗಳಲ್ಲಿ ಅವರು ನಾಯಕಿ. ಅವರು ಯಾವ ಸೀರೆ ಉಟ್ಟರೋ, ಹೂ ಹೇಗೆ ಮುಡಿದರೋ, ದೊಡ್ಡ ಮನೆತನದ ಹೆಂಗಸರು ಅದನ್ನ ನೋಡಿ ಕಲಿತರು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಆ ಕಾಲದ ಫ್ಯಾಷನ್ ಇನ್‌ಫ್ಲುಯೆನ್ಸರ್. 1964ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಕೊನೆಗಾಲದಲ್ಲಿ ಅವರ ಕಂಪನಿಯಲ್ಲಿ ನಾಯಕಿ ಪಾತ್ರ ವಹಿಸಿಕೊಂಡವರು ನಮ್ಮ ವಿಜಯಪುರದ ಕಡೆಯ ಗೋಹರಬಾಯಿ ಕರ್ನಾಟಕಿ. ಆಮೇಲೆ ಇಬ್ಬರೂ ಮದುವೆಯಾದರು.

ಹಾಗಂತ ಬಾಲಗಂಧರ್ವರೊಬ್ಬರೇ ಅಲ್ಲ. 1913ರ ರಾಜಾ ಹರಿಶ್ಚಂದ್ರ ಸಿನಿಮಾದಲ್ಲಿ ತಾರಾಮತಿ ಆದವರು ಅಣ್ಣಾ ಸಾಳುಂಕೆ ಅನ್ನೋ ಗಂಡಸು. 1917ರ ಲಂಕಾ ದಹನದಲ್ಲಿ ಅವರೇ ರಾಮ, ಅವರೇ ಸೀತೆ. ನಮ್ಮ ಕಂಪನಿ ನಾಟಕದ ಹಿರಿಯರಾದ ಏಣಗಿ ಬಾಳಪ್ಪನವರು ಚಿಕ್ಕ ವಯಸ್ಸಿನಲ್ಲಿ ಹೆಸರು ಮಾಡಿದ್ದು ಸ್ತ್ರೀ ಪಾತ್ರಗಳಿಂದ. ಯಕ್ಷಗಾನದ ಸ್ತ್ರೀವೇಷ ಅಂದ್ರೆ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ತೆಂಕುತಿಟ್ಟಿನ ಕೋಳ್ಯೂರು ರಾಮಚಂದ್ರ ರಾವ್, ಏಕವ್ಯಕ್ತಿ ಪ್ರಯೋಗಗಳ ಮಂಟಪ ಪ್ರಭಾಕರ ಉಪಾಧ್ಯರ ಹೆಸರು ಹೇಳಿದ್ರೆ ಸಾಕು.

ಇಲ್ಲಿ ಸ್ವಲ್ಪ ನಿಲ್ಲೋಣ. ಸ್ವಾನ್‌ಗೆ ಜೈಲು, ಬಾಲಗಂಧರ್ವರಿಗೆ ಪದ್ಮಭೂಷಣ. ಬಟ್ಟೆ ವಿಷಯದಲ್ಲಿ ಇಬ್ಬರೂ ಮಾಡಿದ್ದು ಹೆಚ್ಚುಕಮ್ಮಿ ಒಂದೇ ಅಲ್ವಾ? ವ್ಯತ್ಯಾಸ ಪರದೆಯಲ್ಲಿದೆ. ರಂಗಸ್ಥಳದ ಸ್ತ್ರೀವೇಷಕ್ಕೆ ನಾವು ಒಂದು ಷರತ್ತು ಹಾಕಿರ್ತೀವಿ: ಬೆಳಗಾಗ್ತಿದ್ದಂಗೆ ಬಣ್ಣ ತೆಗೀಬೇಕು, ಪಂಚೆ ಉಟ್ಟು ಮನೆಗೆ ಹೋಗಬೇಕು. ಹೆಂಗಸರು ವೇದಿಕೆ ಹತ್ತಬಾರದು ಅನ್ನೋ ಕಟ್ಟುಪಾಡು ಇದ್ದಿದ್ದಕ್ಕೇ ಎಷ್ಟೋ ಕಡೆ ಆ ಜಾಗ ಗಂಡಸರಿಗೆ ಸಿಕ್ಕಿದ್ದು ಅನ್ನೋದನ್ನೂ ಮರೆಯೋ ಹಾಗಿಲ್ಲ. ಅದೇ ವೇಷ ಪರದೆ ದಾಟಿ ಬೀದಿಗೆ ಬಂದು, ಇದು ಪಾತ್ರ ಅಲ್ಲ, ಇದೇ ನಾನು ಅಂದ ಕೂಡಲೇ ಕಲೆ ಹೋಗಿ ಕೇಸ್ ಆಗುತ್ತೆ.

ಈ ಎರಡೂ ಬೇರೆ ಅನ್ನೋದೂ ಗೊತ್ತಿರಬೇಕು. ಡ್ರ್ಯಾಗ್ ಒಂದು ಪ್ರದರ್ಶನ, ಶೋ ಮುಗಿದ ಮೇಲೆ ಮುಗಿಯುತ್ತೆ. ಬೆಂಗಳೂರಿನ ಅಲೆಕ್ಸ್ ಮ್ಯಾಥ್ಯೂ ಸೀರೆ ಉಟ್ಟು ಮಾಯಾ ಆಗಿ ವೇದಿಕೆ ಏರೋದು ಹಾಗೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗೆ ಅದು ಶೋ ಅಲ್ಲ, ಬದುಕು. ಆದರೆ ಲಾಠಿ ಬೀಸೋರು ಯಾವತ್ತೂ ಈ ವ್ಯತ್ಯಾಸ ಕೇಳಿ ಬೀಸಿಲ್ಲ.

ಮಂಜಮ್ಮನ ಬದುಕಲ್ಲಿ ಈ ಎರಡೂ ಸೇರಿವೆ. ಬಳ್ಳಾರಿ ಜಿಲ್ಲೆಯಲ್ಲಿ ಮಂಜುನಾಥ ಶೆಟ್ಟಿ ಅನ್ನೋ ಹೆಸರಲ್ಲಿ ಬೆಳೆದವರು. ಹದಿಹರೆಯದಲ್ಲಿ ತಾನು ಹೆಣ್ಣು ಅಂತ ಅನ್ನಿಸಿದಾಗ ಮನೆಯವರು ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿದರು. ಆಮೇಲೆ ಮನೆ ಬಿಟ್ಟು, ಸೀರೆ ಉಟ್ಟು ಭಿಕ್ಷೆ ಬೇಡಿದರು. ಕಾಳವ್ವ ಜೋಗತಿಯವರ ಹತ್ತಿರ ಜೋಗತಿ ನೃತ್ಯ ಕಲಿತು, ತಲೆ ಮೇಲೆ ಕೊಡ ಹೊತ್ತು, ಯಲ್ಲಮ್ಮನ ಕಥೆಯನ್ನ ಊರೂರಿಗೆ ಒಯ್ದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು.

ಇದೆಲ್ಲ ಸುಖಾಂತ್ಯ ಅಂದ್ಕೋಬೇಡಿ. 1871ರ ಕಾಯ್ದೆಯ ಆ ಭಾಗವನ್ನ ಬ್ರಿಟಿಷರೇ 1911ರಲ್ಲಿ ಕೈಬಿಟ್ಟಿದ್ದರು. ಸರಿಯಾಗಿ 100 ವರ್ಷ ಬಿಟ್ಟು, 2011ರಲ್ಲಿ, ನಮ್ಮದೇ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅನ್ನೋ ಕಲಂ ಸೇರಿತು. ಇಂಥವರ ರಿಜಿಸ್ಟರ್ ಇಡಬಹುದು ಅಂತ ಮತ್ತೆ ಅದೇ ಮಾತು! ಸಮುದಾಯದವರು ಹೈಕೋರ್ಟ್‌ಗೆ ಹೋದ ಮೇಲೆ ಅದಕ್ಕೆ ತಿದ್ದುಪಡಿ ಬಂತು. ಅದರ ಮಧ್ಯೆ 2014ರಲ್ಲಿ ಸುಪ್ರೀಂ ಕೋರ್ಟ್, ತನ್ನ ಲಿಂಗ ಯಾವುದು ಅಂತ ಹೇಳೋ ಹಕ್ಕು ಆ ವ್ಯಕ್ತಿಯದೇ ಅಂದಿತು. ಬಟ್ಟೆ, ನಡೆ, ಮಾತಿನ ಮೂಲಕ ತನ್ನನ್ನ ತೋರಿಸಿಕೊಳ್ಳೋದೂ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಅಂತಲೂ ಹೇಳಿತು.

1896ರಲ್ಲಿ ಗೌನ್ ತೊಟ್ಟ ಒಬ್ಬರು ಒಬ್ಬ ಅಧ್ಯಕ್ಷರ ಹತ್ತಿರ ಕ್ಷಮೆ ಕೇಳಬೇಕಾಯ್ತು, ಸಿಗಲಿಲ್ಲ. 2021ರಲ್ಲಿ ಸೀರೆ ಉಟ್ಟ ಒಬ್ಬರು ಒಬ್ಬ ರಾಷ್ಟ್ರಪತಿಗೆ ಆಶೀರ್ವಾದ ಮಾಡಿ ಬಂದರು. ಇನ್ನೊಂದ್ಸಲ ಆ ಕ್ಲಿಪ್ ಸಿಕ್ಕರೆ ಪೂರ್ತಿ ನೋಡಿ. ಸಿಗ್ನಲ್‌ನಲ್ಲಿ ಯಾರಾದರೂ ಸೀರೆ ಉಟ್ಟು ನಿಮ್ಮ ಗಾಡಿ ಹತ್ತಿರ ಬಂದಾಗಲೂ ಅದನ್ನ ನೆನಪಿಸ್ಕೊಳ್ಳಿ.

ಇವತ್ತಿಗೆ ಇಷ್ಟು. ನಿಮ್ಮೂರಿನ ಸ್ತ್ರೀವೇಷದ ಕಲಾವಿದರ ನೆನಪಿದ್ರೆ ಬರೆದು ಕಳಿಸಿ.