ಗಾಜಿನ ಹಿಂದಿನ ಹೊನ್ನು



ನಾವು ನೆಲೆಸಿರುವ ಬ್ರಿಟನ್ನಿನ ಹಳೆಯ ಪೇಟೆಬೀದಿಗಳಲ್ಲಿ ಔಷಧದಂಗಡಿ, ಪಬ್, ವಕೀಲರ ಕಚೇರಿಗಳ ಗಾಜುಗಳಲ್ಲಿ ಹೊನ್ನಿನ ಅಕ್ಷರಗಳನ್ನು ಇಂದಿಗೂ ಕಾಣುತ್ತೇವೆ. ಅವುಗಳಲ್ಲಿ ಕೆಲವು ನೂರು ವರ್ಷ ದಾಟಿದರೂ ಕನ್ನಡಿಯಂತೆ ಹೊಳೆಯುತ್ತವೆ. ಚಿನ್ನವಿರುವುದು ಗಾಜಿನ ಹಿಂಬದಿಯಲ್ಲಿ. ಆದ್ದರಿಂದ ಬೀದಿಯ ಮಳೆ, ಧೂಳುಗಳು ಅದನ್ನು ಮುಟ್ಟಲಾರವು. ಆದರೆ ಆ ಅಕ್ಷರಗಳ ದೀರ್ಘಾಯುಷ್ಯಕ್ಕೆ ಇನ್ನೂ ಮೂಲಭೂತವಾದ ಕಾರಣವೊಂದಿದೆ. ಚಿನ್ನವನ್ನಿಡುವ ಮೊದಲು ಗಾಜನ್ನು ಸಿದ್ಧಪಡಿಸಿದ ಕೈಗಳ ಶ್ರಮವೇ ಅದು. ಕೆಲಸ ಮುಗಿದ ಮೇಲೆ ಅದರ ಕುರುಹೂ ಕಾಣುವುದಿಲ್ಲ.

ಗಾಜು ಮತ್ತು ಚಿನ್ನದ ನಂಟು ಪುರಾತನವಾದುದು. ಕ್ರಿ.ಶ. 3 ಮತ್ತು 4ನೆಯ ಶತಮಾನಗಳ ರೋಮಿನಲ್ಲಿ ಎರಡು ಗಾಜಿನ ಪದರಗಳ ನಡುವೆ ಚಿನ್ನದ ರೇಕಿನ ಚಿತ್ರವನ್ನು ಬೆಸೆದ ಪಾತ್ರೆಗಳಿದ್ದವು. ಅವುಗಳ ತಳದ ಬಿಲ್ಲೆಗಳು ಅಲ್ಲಿನ ನೆಲದಡಿಯ ಸಮಾಧಿಗಳಲ್ಲಿ ದೊರೆತಿವೆ. ಸುಮಾರು 1400ರ ಹೊತ್ತಿಗೆ ಇಟಲಿಯ ಚಿತ್ರಕಾರ ಚೆನ್ನಿನೋ ಚೆನ್ನಿನಿ ತನ್ನ ಕೈಪಿಡಿಯಲ್ಲಿ ಗಾಜಿಗೆ ಚಿನ್ನವಿಡುವ ವಿಧಾನವನ್ನು ಬರೆದಿಟ್ಟ. ಗುಳ್ಳೆಗಳಿಲ್ಲದ, ಹಸಿರು ಛಾಯೆಯಿಲ್ಲದ ಗಾಜನ್ನು ಆರಿಸಿ, ಕ್ಷಾರಜಲ ಮತ್ತು ಇದ್ದಿಲಿನಿಂದ ಉಜ್ಜಿ, ತಿಳಿನೀರಿನಲ್ಲಿ ತೊಳೆದು, ತಾನಾಗಿಯೇ ಒಣಗಲು ಬಿಡಬೇಕೆಂಬುದು ಅವನ ಮೊದಲ ಸೂಚನೆ. ಅನಂತರವೇ ಕಡೆದ ಮೊಟ್ಟೆಯ ಬಿಳಿಯ ಲೇಪ, ಅದರ ಮೇಲೆ ಚಿನ್ನ. ನಮ್ಮ ಅಜ್ಜಿಯಂದಿರು ಬೂದಿಯಿಂದ ಪಾತ್ರೆ ಬೆಳಗುತ್ತಿದ್ದುದರ ಗುಟ್ಟೂ ಇದೇ: ಕ್ಷಾರವು ಜಿಡ್ಡನ್ನು ಕಳೆಯುತ್ತದೆ.

ಬ್ರಿಟನ್ನಿನಲ್ಲಿ ಗಾಜು ಬಹುಕಾಲ ತೆರಿಗೆಯ ಭಾರವನ್ನು ಹೊತ್ತಿತ್ತು. 1845ರಲ್ಲಿ ಗಾಜಿನ ಸುಂಕವೂ 1851ರಲ್ಲಿ ಕಿಟಕಿ ತೆರಿಗೆಯೂ ರದ್ದಾದವು. ದೊಡ್ಡ ಗಾಜಿನ ಹಲಗೆಗಳು ಅಗ್ಗವಾದಂತೆ ಅಂಗಡಿಗಳ ಮುಖವೇ ಗಾಜಿನದಾಯಿತು. ಅದರ ಮೇಲೆ ಹೆಸರು ಬರೆಯುವವರಿಗೆ ಕೆಲಸ ಹೆಚ್ಚಿತು.

ಆ ಕುಶಲಕರ್ಮಿಗಳ ಕ್ರಮ ಇಂದಿಗೂ ಹೆಚ್ಚು ಬದಲಾಗಿಲ್ಲ. ನುಣ್ಣನೆಯ ಸೀಮೆಸುಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿ ಗಾಜನ್ನು ಉಜ್ಜಿ ತೊಳೆಯುತ್ತಾರೆ. ನೀರು ಒಂದೇ ಪೊರೆಯಾಗಿ ಹರಡಿ ನಿಂತರೆ ಗಾಜು ಶುದ್ಧ. ಹನಿಹನಿಯಾಗಿ ಒಡೆದರೆ ಎಲ್ಲೋ ಜಿಡ್ಡು ಉಳಿದಿದೆ, ಮತ್ತೆ ಉಜ್ಜಬೇಕು. ಬಳಿಕ ಬಿಸಿನೀರಿನಲ್ಲಿ ಅತ್ಯಲ್ಪ ಜೆಲಟಿನ್ ಕರಗಿಸಿ ಗಾಜಿನ ಮೇಲೆ ಧಾರಾಳವಾಗಿ ಹರಿಸುತ್ತಾರೆ. ವೈದ್ಯವೃತ್ತಿಯಲ್ಲಿರುವ ನಮಗೆ ಕುತೂಹಲದ ಸಂಗತಿಯೆಂದರೆ, ಇದಕ್ಕಾಗಿ ಅನೇಕರು ಔಷಧ ತುಂಬುವ ಖಾಲಿ ಕ್ಯಾಪ್ಸೂಲುಗಳನ್ನೇ ಬಳಸುತ್ತಾರೆ. ಅರ್ಧ ಲೀಟರ್ ನೀರಿಗೆ ಒಂದೆರಡು ಸಾಕು. ಅಂಟು ಹೆಚ್ಚಾದರೆ ಚಿನ್ನ ಮಂಕಾಗುತ್ತದೆ.

ರೇಕಿನ ದಪ್ಪ ಸುಮಾರು 0.1 ಮೈಕ್ರಾನ್, ತಲೆಗೂದಲಿನ ದಪ್ಪದ ನೂರಾರು ಪಾಲುಗಳಲ್ಲಿ ಒಂದು. ಬೆರಳು ತಾಗಿದರೂ ಹರಿದುಹೋಗುವ ಇದನ್ನೆತ್ತಲು ಅಳಿಲಿನ ಕೂದಲಿನ ಅಗಲವಾದ ಕುಂಚವನ್ನು ಕೆನ್ನೆಗೆ ಸವರಿಕೊಳ್ಳುತ್ತಾರೆ. ಚರ್ಮದ ಎಣ್ಣೆಯ ಲೇಶಕ್ಕೇ ರೇಕು ಅಂಟಿಕೊಳ್ಳುತ್ತದೆ. ಗಾಜಿನ ಸಮೀಪಕ್ಕೆ ತಂದೊಡನೆ ನೀರಿನ ಪೊರೆ ಅದನ್ನು ಸೆಳೆದುಕೊಳ್ಳುತ್ತದೆ. ಆರಿದ ಮೇಲೆ ಹತ್ತಿಯಿಂದ ಮೃದುವಾಗಿ ಉಜ್ಜಿ, ಬಿರುಕುಗಳು ಮುಚ್ಚುವಂತೆ ಎರಡನೆಯ ಪದರವನ್ನಿಡುತ್ತಾರೆ. ಕೊನೆಗೆ ಅದರ ಮೇಲೆ ಅಕ್ಷರಗಳನ್ನು ಬಣ್ಣದಿಂದ ತಿರುವುಮುರುವಾಗಿ ಬರೆದು, ಬಣ್ಣ ಮುಚ್ಚದ ಚಿನ್ನವನ್ನು ಒರೆಸಿ ತೆಗೆಯುತ್ತಾರೆ. ಕುಂಚದಲ್ಲಿ ನೆರವಾದ ಆ ಎಣ್ಣೆಯೇ ಗಾಜಿನ ಮೇಲೆ ಬೆರಳಚ್ಚಾಗಿ ಉಳಿದಿದ್ದರೆ, ಅಲ್ಲಿ ಚಿನ್ನ ನಿಲ್ಲುವುದಿಲ್ಲ.

ಗಾಜಿನ ಸುಂಕ ರದ್ದಾದ ಎರಡು ವರ್ಷಗಳಿಗೆ, 1847ರಲ್ಲಿ, ವಿಯೆನ್ನಾದ ಹೆರಿಗೆ ವಿಭಾಗದಲ್ಲಿ ಇಗ್ನಾಜ್ ಸೆಮ್ಮೆಲ್ವೈಸ್ ವೈದ್ಯರೆಲ್ಲರೂ ಕ್ಲೋರಿನ್ ಬೆರೆತ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟುಪಾಡು ಮಾಡಿದರು. ಬಾಣಂತಿಯರ ಸಾವುಗಳು ಶೀಘ್ರವಾಗಿ ಇಳಿದವು. ಆದರೂ ಅಂದಿನ ಬಹುಮಂದಿ ವೈದ್ಯರು ಒಪ್ಪಲಿಲ್ಲ. ಕಣ್ಣಿಗೆ ಶುಭ್ರವಾಗಿ ಕಂಡ ಕೈ ಅವರ ಪಾಲಿಗೆ ಶುಭ್ರವೇ ಆಗಿತ್ತು. ಕಣ್ಣನ್ನು ನಂಬದೆ ನೀರಿನ ಪೊರೆಯನ್ನು ಕೇಳಿ ತಿಳಿಯುವ ಫಲಕಕಾರರ ವಿವೇಕ ನಮ್ಮ ವೃತ್ತಿಗೆ ತಡವಾಗಿ ಬಂದಿತು.

ನಮ್ಮ ಮೈಸೂರು ಶೈಲಿಯ ಚಿತ್ರಗಳಲ್ಲೂ ರೇಕಿಗಿಂತ ಮೊದಲು ನೆಲೆ ಸಿದ್ಧವಾಗಬೇಕು. ಮಕ್ಕಿ ಸಫೇದದ ಲೇಪದಿಂದ ಒಡವೆ, ಮಂಟಪಗಳ ತೆಳುವಾದ ಉಬ್ಬನ್ನು ರೂಪಿಸಿ, ಅದರ ಮೇಲೆ ಚಿನ್ನವನ್ನಿಡುತ್ತಾರೆ. ಅಲ್ಲಿ ಚಿನ್ನ ನೋಡುಗರತ್ತ ಮುಂದೆ ಬರುತ್ತದೆ, ಇಲ್ಲಿ ಗಾಜಿನ ಹಿಂದೆ ನಿಲ್ಲುತ್ತದೆ. ಪೂರ್ವಸಿದ್ಧತೆಯ ತಾಳ್ಮೆ ಮಾತ್ರ ಎರಡಕ್ಕೂ ಸಮಾನ.

ಇಂದು ಯಂತ್ರ ಕತ್ತರಿಸಿದ ಪ್ಲಾಸ್ಟಿಕ್ ಅಕ್ಷರಗಳು ಕ್ಷಣದಲ್ಲಿ ಅಂಟುತ್ತವೆ. ಅಂಗಡಿ ಕೈ ಬದಲಾದಾಗ ಹಳೆಯ ಹೊನ್ನಿನ ಹೆಸರು ಬ್ಲೇಡಿನ ಕೆಲವೇ ಎಳೆತಗಳಲ್ಲಿ ಅಳಿದುಹೋಗುತ್ತದೆ. ಆದ್ದರಿಂದ ಅಂತಹ ಫಲಕ ಕಂಡಾಗ ಮಕ್ಕಳನ್ನು ನಿಲ್ಲಿಸಿ ತೋರಿಸೋಣ. ಸಾಧ್ಯವಾದರೆ ಒಳಗೆ ಹೋಗಿ ಅದರ ಹಿಂಬದಿಯನ್ನೂ ನೋಡೋಣ. ಮನೆಗೆ ಬಂದು ‘ಕನ್ನಡ’ ಎಂಬ ಪದವನ್ನು ಬಲದಿಂದ ಎಡಕ್ಕೆ, ಒತ್ತಕ್ಷರವು ಎಡಗಡೆಗೆ ಬರುವಂತೆ ಕಾಗದದ ಮೇಲೆ ಬರೆದು ಕನ್ನಡಿಗೆ ಹಿಡಿಯಲು ಹೇಳೋಣ. ನಿತ್ಯ ಕಾಣುವ ಅಕ್ಷರಗಳ ಹಿಂದೆ ಎಷ್ಟು ಅಭ್ಯಾಸವಿದೆಯೆಂಬುದು ಅವರಿಗೆ ಆಗ ತಿಳಿಯುತ್ತದೆ.