ಕಾಲುದಾರಿಗೆ ಅಡ್ಡಬಂದ ಹೆದ್ದಾರಿ



ಶರತ್ಕಾಲ ಬಂತೆಂದರೆ ವರ್ಜೀನಿಯದ ಸ್ಕೈಲೈನ್ ಡ್ರೈವಿಗೆ ಮಕ್ಕಳುಮರಿಗಳೊಡನೆ ಹೋಗಿ, ಬುತ್ತಿಯ ಚಿತ್ರಾನ್ನ ಉಂಡು, ಎಲೆಗಳ ಬಣ್ಣ ನೋಡಿ ಬರುವವರು ಈ ಸಭೆಯಲ್ಲಿ ಅನೇಕರಿದ್ದೀರಿ. ಬೆನ್ನಮೇಲೆ ಗಂಟು ಹೊತ್ತವರು ಆ ರಸ್ತೆಯನ್ನು ಅಡ್ಡ ದಾಟುವುದನ್ನೂ ಕಂಡಿರಬಹುದು. ಅವರು ಜಾರ್ಜಿಯದಿಂದ ಮೇನ್‌ವರೆಗೆ ಹದಿನಾಲ್ಕು ರಾಜ್ಯಗಳಲ್ಲಿ ಸುಮಾರು ೨,೨೦೦ ಮೈಲಿ ಸಾಗುವ ಅಪಲೇಚಿಯನ್ ಟ್ರೇಲಿನ ಪಥಿಕರು. ಅವರು ದಾಟುವ ಆ ರಸ್ತೆ ಒಂದು ಕಾಲದಲ್ಲಿ ಇಬ್ಬರು ಧೀಮಂತರ ಒಡನಾಟವನ್ನೇ ಮುರಿಯಿತು.

ಅರಣ್ಯಶಾಸ್ತ್ರಜ್ಞ ಬೆಂಟನ್ ಮಕೈ ೧೯೨೧ರಲ್ಲಿ ವಾಸ್ತುಶಿಲ್ಪಿಗಳ ಪತ್ರಿಕೆಯೊಂದರಲ್ಲಿ ಈ ದಾರಿಯ ಕಲ್ಪನೆಯನ್ನು ಮುಂದಿಟ್ಟರು. ನಗರದ ದುಡಿಮೆಯಲ್ಲಿ ಬಳಲಿದವರಿಗೆ ಬೆಟ್ಟದ ಸಾಲು ಆಸರೆಯಾಗಬೇಕೆಂಬುದು ಅವರ ಆಶಯ. ಆದರೆ ಮಕೈ ಮೋಟಾರಿನ ಕಡುವೈರಿಯಾಗಿರಲಿಲ್ಲ. ೧೯೩೦ರಲ್ಲಿ ಅವರೇ 'ಊರಿಲ್ಲದ ಹೆದ್ದಾರಿ'ಯ ಬಗ್ಗೆ ಬರೆದರು: ರೈಲುಹಳಿಯಂತೆ ಹೆದ್ದಾರಿಯೂ ಊರುಗಳಿಂದ ದೂರವಿದ್ದು, ಅಡ್ಡರಸ್ತೆಗಳ ತಡೆಯಿಲ್ಲದೆ ಸಾಗಬೇಕು ಎಂದು. ಮೋಟಾರಿಗೆ ಅದರ ಹಾದಿ, ಕಾಲಿಗೆ ಅದರ ಹಾದಿ. ಎರಡೂ ಒಂದೇ ಶಿಖರಸಾಲಿಗೆ ಬರಬಾರದು, ಅಷ್ಟೆ.

ಆದರೆ ಬಂದವು. ೧೯೩೧ರಲ್ಲಿ ಆರಂಭವಾದ ಸ್ಕೈಲೈನ್ ಡ್ರೈವ್ ೧೦೫ ಮೈಲಿ ಉದ್ದಕ್ಕೂ ಟ್ರೇಲಿನ ಬೆಟ್ಟದ ನೆತ್ತಿಯನ್ನೇ ಹಿಡಿಯಿತು. ಮಕೈ ಪ್ರತಿಭಟಿಸಿದರು. ಟ್ರೇಲ್ ಸಂಸ್ಥೆಯ ಅಧ್ಯಕ್ಷರಾಗಿದ್ದ ವಕೀಲ ಮೈರನ್ ಏವರಿಯವರದು ಬೇರೆ ಲೆಕ್ಕ: ರಸ್ತೆ ಹೇಗೂ ನಿಲ್ಲದು, ಸರ್ಕಾರದೊಡನೆ ಹೊಂದಿಕೊಂಡು ಪಕ್ಕದಲ್ಲೇ ಹೊಸ ದಾರಿ ಮಾಡಿಸೋಣ. ೧೯೩೫ರಲ್ಲಿ ಕಟುವಾದ ಪತ್ರಗಳು ಓಡಾಡಿದವು, ಇಬ್ಬರೂ ಬೇರೆಯಾದರು. ಅದೇ ವರ್ಷ ಮಕೈ ಇತರರೊಡನೆ ಕೂಡಿ ವೈಲ್ಡರ್ನೆಸ್ ಸೊಸೈಟಿಯನ್ನು ಸ್ಥಾಪಿಸಿದರು. ಏವರಿಯವರು ೧೯೩೭ರಲ್ಲಿ ಟ್ರೇಲನ್ನು ಪೂರ್ಣಗೊಳಿಸಿದರು. ಏವರಿಯವರನ್ನು ದೂರಲು ನನಗೆ ಮನಸ್ಸು ಬಾರದು. ಅವರ ಹಟವಿಲ್ಲದಿದ್ದರೆ ಮಕೈ ಕನಸು ಕಾಗದದ ಮೇಲೆಯೇ ಉಳಿಯುತ್ತಿತ್ತು.

೧೯೫೬ರ ಶಾಸನದ ನಂತರ ಅಂತರರಾಜ್ಯ ಹೆದ್ದಾರಿಗಳು ಬೇಲಿ ಹಾಕಿಕೊಂಡು ಬಂದವು. ಅವುಗಳ ಮೇಲೆ ಕಾಲಿಡುವಂತಿಲ್ಲವಾದ್ದರಿಂದ ಟ್ರೇಲು ಮೇಲೆ ಹಾರಬೇಕು, ಇಲ್ಲವೇ ಕೆಳಗೆ ನುಸುಳಬೇಕು. ಮೇರಿಲ್ಯಾಂಡಿನಲ್ಲಿ ೭೦ನೆಯ ಹೆದ್ದಾರಿಗೂ, ಮ್ಯಾಸಚೂಸೆಟ್ಸಿನಲ್ಲಿ ೯೦ನೆಯದಕ್ಕೂ ಕಾಲುಸೇತುವೆಗಳಿವೆ. ಡೆಲವೇರ್ ನದಿಯನ್ನಂತೂ ಪಥಿಕರು ೮೦ನೆಯ ಹೆದ್ದಾರಿಯ ಸೇತುವೆಯ ಅಂಚಿನಲ್ಲೇ ದಾಟುತ್ತಾರೆ. ಪಕ್ಕದಲ್ಲಿ ಲಾರಿಗಳು ಹಾಯ್ದಾಗ ಕಾಲ್ಕೆಳಗಿನ ನೆಲ ನಡುಗುತ್ತದೆ. ಟ್ರೇಲಿಗೆ ಕಾನೂನಿನ ರಕ್ಷಣೆ ದೊರೆತದ್ದು ೧೯೬೮ರಲ್ಲಿ.

ಸೇತುವೆಯಿಲ್ಲದ ಕಡೆಯೂ ಉಂಟು. ನ್ಯೂಯಾರ್ಕಿನ ಬೇರ್ ಮೌಂಟನ್ ಪ್ರದೇಶದಲ್ಲಿ ೧೯೨೩ರಲ್ಲಿ ಟ್ರೇಲಿನ ಮೊಟ್ಟಮೊದಲ ಭಾಗ ತೆರೆಯಿತು. ಪ್ಯಾಲಿಸೇಡ್ಸ್ ಪಾರ್ಕ್‌ವೇ ಅಲ್ಲಿಗೆ ಬಂದದ್ದು ದಶಕಗಳ ನಂತರ. ಆದರೂ ಮೊದಲು ಬಂದವನೇ ಇಂದು ಕಾಯುತ್ತಾನೆ. ಪಥಿಕನು ಕಾರುಗಳ ಸಾಲು ತೆರವಾಗುವ ಕ್ಷಣ ನೋಡಿ ಒಂದು ಬದಿಯ ಎರಡು ಪಥಗಳನ್ನು ಓಡಿ ದಾಟಿ, ನಡುವಿನ ಮರಗಳ ಗುಂಪಿನಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾನೆ. ನ್ಯೂಯಾರ್ಕ್ ನಗರಕ್ಕೆ ೩೪ ಮೈಲಿ ಎಂಬ ಫಲಕ ಅಲ್ಲಿದೆ. ಅದನ್ನು ಓದಿ, ಎದುರು ಬದಿಯ ಎರಡು ಪಥಗಳಿಗಾಗಿ ಅವನು ಮತ್ತೆ ಕಾಯತೊಡಗುತ್ತಾನೆ.